ಪ್ಯಾಕೆಟ್ ಎಲ್ಲಿಂದ ಬಂತು ಅಂತ ಕೇಳಿ

ನಮಸ್ಕಾರ. ಹಿಂದೆ ನಿಂತಿರುವ ಅಕ್ಕಂದಿರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಅವು ಠಾಣೆಯವರಿಗೆ ಅಂತ ಇಟ್ಟಿದ್ದಂತೆ, ಅವರಿನ್ನೂ ಬಂದಿಲ್ಲ, ಪರವಾಗಿಲ್ಲ ಕೂತ್ಕೊಳ್ಳಿ.

2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಮರುವರ್ಷ ಮೇನಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆ ಕೃಷ್ಣಗಿರಿ ಕಡೆ ಮೆಥನಾಲ್ ಬೆರೆತ ಕಳ್ಳ ಸಾರಾಯಿ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರು. ಅದೆಲ್ಲ ನಿಮಗೆ ಗೊತ್ತು. ಈಗ ನಿಮ್ಮೂರಿಗೆ ಬರುತ್ತಿರುವ ಮಾಲೇ ಬೇರೆ. ತೆರಿಗೆ ಕಟ್ಟಿ ತಯಾರಾದ ಮದ್ಯದ 90 ಎಂಎಲ್ ಪ್ಯಾಕೆಟ್. ಅದಕ್ಕೆ ಲೇಬಲ್ ಇದೆ, ಮಾರುವವರಿಗೆ ಲೈಸೆನ್ಸ್ ಇಲ್ಲ.

ನಾನು ಅಬಕಾರಿ ನೌಕರಿಯಲ್ಲಿದ್ದಾಗ ಒಂದು ಹಟ್ಟಿಗೆ ರೇಡ್ ಹೋದೆವು. ಜೀಪು ಕೆರೆ ಏರಿ ಹತ್ತುವಷ್ಟರಲ್ಲಿ ಊರಿಗೆಲ್ಲ ಸುದ್ದಿ. ನೆಟ್‌ವರ್ಕ್ ಸಿಗದ ಊರು, ಆದರೂ ಸುದ್ದಿ ಹೇಗೆ ಹೋಯಿತೋ! ಎಲ್ಲ ಅಂಗಡಿಯೂ ಬಾಗಿಲು ಹಾಕಿದ್ದವು. ಒಬ್ಬ ಅಜ್ಜಿ ಮಾತ್ರ ಓಡಲಿಲ್ಲ, ಮಂಡಿನೋವು. ರಾಗಿ ಡಬ್ಬಕ್ಕೆ ಕೈ ಹಾಕಿದರೆ ಹನ್ನೊಂದು ಪ್ಯಾಕೆಟ್. ಪಂಚನಾಮೆ ಬರೆದೆವು: ಪ್ಯಾಕೆಟ್ ಹನ್ನೊಂದು, ಪ್ಲಾಸ್ಟಿಕ್ ಲೋಟ ಎರಡು, ಖಾಲಿ ನೀರಿನ ಪೌಚು ಎರಡು. (ನಗಬೇಡಿ, ಲೋಟ ಬರೆಯದಿದ್ದರೆ ವಕೀಲರು ಬಿಡುವುದಿಲ್ಲ.) ಹೆಬ್ಬೆಟ್ಟು ಒತ್ತುತ್ತಾ ಅಜ್ಜಿ ಕೇಳಿತು: "ಸ್ವಾಮಿ, ಇದೇನು ನನ್ನ ಹೊಲದಾಗೆ ಬೆಳದಿದ್ದಾ?"

ಬೆಳೆದಿರಲಿಲ್ಲ. 2003ರಿಂದ ಅಂಗಡಿಗಳಿಗೆ ಸಗಟು ಮದ್ಯ ಹೋಗುವುದು ರಾಜ್ಯ ಪಾನೀಯ ನಿಗಮದ ಡಿಪೋದಿಂದ. ಅಲ್ಲಿ ಪೆಟ್ಟಿಗೆ ಪೆಟ್ಟಿಗೆಗೂ ಬಿಲ್ ಇದೆ, ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಇದೆ, ಯಾವ ಅಂಗಡಿಗೆ ಹೋದ ಮಾಲು ಅಂತ ಹುಡುಕಬಹುದು. ಒಂದೇ ಬ್ಯಾಚ್ ಹತ್ತು ಅಂಗಡಿಗೆ ಹೋಗಿರುತ್ತದೆ ಅಂತೀರಾ? ಇರಲಿ, ನಿಮ್ಮ ಹಟ್ಟಿಗೆ ಬೈಕಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಬರುವಷ್ಟು ಹತ್ತಿರ ಇರುವುದು ಒಂದೋ ಎರಡೋ ತಾನೇ? ಆದರೆ ಅಬಕಾರಿ ಕಾಯ್ದೆಯ ಕಲಂ 15ಎ, 32(3) ಅಂತ ಕೇಸು ಬೀಳುವುದು ಅಜ್ಜಿ ಮೇಲೆ. ಠಾಣೆಯಲ್ಲೇ ಜಾಮೀನು, ವಾರದಲ್ಲಿ ಡಬ್ಬ ಮತ್ತೆ ತುಂಬಿರುತ್ತದೆ. ತುಂಬಿದವನ ಹೆಸರು ಎಫ್‌ಐಆರ್‌ನಲ್ಲಿ ಇಲ್ಲ. ಯಾಕೆ ಅಂತ ಕೇಳಿದರೆ ಸಿಬ್ಬಂದಿ ಇಲ್ಲ ಅನ್ನುತ್ತಾರೆ. ವರ್ಷಕ್ಕೆ 30 ಸಾವಿರ ಕೋಟಿ ದಾಟಿದ ಆದಾಯ ಎಣಿಸಲು ಸಿಬ್ಬಂದಿ ಇದ್ದಾರಲ್ಲ ಸ್ವಾಮಿ.

ಅದಕ್ಕೇ ಹೇಳುವುದು, ಅರ್ಜಿ ಕೊಡುವಾಗ "ನಮ್ಮೂರಲ್ಲಿ ಹೆಂಡ ಮಾರುತ್ತಾರೆ" ಅಂತ ಸುಮ್ನೆ ಬರೆಯಬೇಡಿ. ಬೀದಿಯಲ್ಲಿ ಬಿದ್ದ ಖಾಲಿ ಪ್ಯಾಕೆಟ್ ಆರಿಸಿ, ಬ್ಯಾಚ್ ನಂಬರ್ ಬರೆಯಿರಿ. ಫೋಟೊ ತೆಗೆಯಿರಿ. ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.

ಚೀಟಿ ಬಂತು, ಐದು ನಿಮಿಷವಂತೆ. ಗಾಂಜಾ ಬಗ್ಗೆ ಇನ್ನೂ ಶುರುವೇ ಮಾಡಿಲ್ಲ. ಬೇಗ ಹೇಳುತ್ತೇನೆ. ಕಾನೂನಿನ ಲೆಕ್ಕದಲ್ಲಿ ಒಂದು ಕೆಜಿಯೊಳಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ಕನಿಷ್ಠ 10 ವರ್ಷ ಜೈಲು. ಜೋಳದ ನಡುವೆ ನಾಲ್ಕು ಸಾಲು ಹಾಕಿದ ರೈತ ಒಳಗೆ ಹೋಗುತ್ತಾನೆ, ಬೀಜ ಕೊಟ್ಟವನು, ಕಾರಲ್ಲಿ ಬಂದು ಒಯ್ಯುವವನು ಹೊರಗೇ ಇರುತ್ತಾನೆ. ಮತ್ತದೇ ಅಜ್ಜಿ ಪ್ರಶ್ನೆ. ಮಾಹಿತಿ ಕೊಡುವವರು ಮಾದಕ ವಸ್ತು ಸಹಾಯವಾಣಿ 1933ಕ್ಕೆ ಕರೆ ಮಾಡಿ. ಶಾಲೆಯ ಹತ್ತಿರದ ಪೆಟ್ಟಿಗೆ ಅಂಗಡಿ ವಿಷಯವೂ ಇತ್ತು, ಅದನ್ನು ಊಟದ ಹೊತ್ತಲ್ಲಿ ಮಾತಾಡೋಣ. ಓ, ಠಾಣೆಯವರು ಬಂದರು. ಅಕ್ಕಾ, ನೀವು ಏಳಬೇಡಿ, ಅವರಿಗೆ ಬೆಂಚು ಇದೆ.