ಬೆನ್ನಿನ ನೀರು ಮತ್ತು ಮೊದಲ ಒಂದು ಗಂಟೆ

ಕೇಳುಗರಿಗೆ ನಮಸ್ಕಾರ. ಜ್ವರ, ತಲೆನೋವು, ವಾಂತಿಗಳ ಜೊತೆಗೆ ಕತ್ತು ಬಿಗಿದು ಮಂಪರೂ ಕವಿದರೆ ವೈದ್ಯರು ಶಂಕಿಸುವುದು ಮಿದುಳಿನ ಪೊರೆಯ ಸೋಂಕನ್ನು, ಅಂದರೆ ಮೆನಿಂಜೈಟಿಸನ್ನು. ಅದು ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು. ಅದನ್ನು ಪತ್ತೆಹಚ್ಚಲು ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ದ್ರವವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕು. ಆದರೆ ಬೆನ್ನಿನಿಂದ ನೀರು ತೆಗೆಯಬೇಕು ಎಂದೊಡನೆ ಕಾಲಿನ ಬಲ ಹೋದೀತೆಂದು ಮನೆಯವರು ಹಿಂಜರಿಯುತ್ತಾರೆ. ವಯಸ್ಕರ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ.

ತಿಳಿನೀರಿನಂತಿರಬೇಕಾದ ಆ ದ್ರವ ಬೆಳಕಿಗೆ ಹಿಡಿದಾಗ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಕಂಡರೆ, ಅದೇ ಮೊದಲ ವರದಿ. ವಯಸ್ಕರಲ್ಲಿ ಒಂದು ಮೈಕ್ರೋಲೀಟರಿಗೆ 5ನ್ನು ಮೀರದ ಬಿಳಿ ರಕ್ತಕಣಗಳು ಈ ಕಾಯಿಲೆಯಲ್ಲಿ ಹಲವು ಬಾರಿ 1000 ದಾಟಿರುತ್ತವೆ, ಪ್ರೋಟೀನ್ ಏರಿರುತ್ತದೆ, ಸಕ್ಕರೆ ಕುಸಿದಿರುತ್ತದೆ.

ಇನ್ನು ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಿ ಗುರುತಿಸುವ ಗ್ರಾಂ ಬಣ್ಣದ ಪರೀಕ್ಷೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ನಾಲ್ಕು ದ್ರಾವಣ, ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ ಸಾಕು. ಕಾಲು ಗಂಟೆಯಲ್ಲಿ ಉತ್ತರ. ಈ ಕಾಯಿಲೆ ತರುವ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್ ನೇರಳೆ ಬಣ್ಣದ ಜೋಡಿಯಾಗಿ ಕಂಡರೆ, ಮೆನಿಂಗೋಕಾಕಸ್ ಎದುರುಬದುರು ಇಟ್ಟ ಎರಡು ಕಾಫಿ ಬೀಜಗಳಂತೆ ನಸುಗೆಂಪಾಗಿ, ಎಷ್ಟೋ ಸಲ ಬಿಳಿಕಣದ ಒಳಗೇ ಕುಳಿತಿರುತ್ತದೆ.

ರೋಗಾಣುವಿನ ಹೊರಕವಚವನ್ನು ಗುರುತಿಸುವ ಲೇಟೆಕ್ಸ್ ಪರೀಕ್ಷೆಯೂ ಕೆಲವೇ ನಿಮಿಷಗಳದ್ದು. ಆದರೆ ಅದು ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನುವಂತಿಲ್ಲ. ಒಂದೇ ಕಾರ್ಟ್ರಿಜ್‌ನಲ್ಲಿ 14 ರೋಗಾಣುಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುವ ಪಿಸಿಆರ್ (ರೋಗಾಣುವಿನ ವಂಶವಾಹಿ ವಸ್ತುವನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ) ಯಂತ್ರಕ್ಕೆ 2015ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಬೇರೆಡೆ ಒಂದೆರಡು ಡೋಸ್ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸಿದ ರೋಗಿಯಲ್ಲಿ ಕಲ್ಚರ್, ಅಂದರೆ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬರಿದಾಗಿ ಬಂದರೂ, ಸತ್ತ ಬ್ಯಾಕ್ಟೀರಿಯಾದ ಡಿಎನ್ಎ ಇದರ ಕೈಗೆ ಸಿಗಬಲ್ಲದು. ಹಾಗೆಂದು ಕಲ್ಚರ್ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ರೋಗಾಣುವಿಗೆ ಯಾವ ಔಷಧ ನಾಟುತ್ತದೆ ಎಂಬುದನ್ನು ಈ ಯಂತ್ರ ಹೇಳುವುದಿಲ್ಲ. ಯಾವ ವರದಿಗೂ ಕಾದು ಮೊದಲ ಇಂಜೆಕ್ಷನ್ ತಡಮಾಡುವಂತೆಯೂ ಇಲ್ಲ.

ಒಮ್ಮೆ ರಾತ್ರಿ ಪಾಳಿಯಲ್ಲಿ ಬಂದ ದ್ರವವನ್ನು, ಕೆಡದಿರಲೆಂಬ ಸದುದ್ದೇಶದಿಂದ, ಯಾರೋ ಫ್ರಿಜ್ಜಿನಲ್ಲಿಟ್ಟಿದ್ದರು. ಮೆನಿಂಗೋಕಾಕಸ್ ತಂಪನ್ನು ತಾಳದು. ಬೆಳಿಗ್ಗೆ ಗ್ರಾಂ ಬಣ್ಣದಲ್ಲಿ ಕಾಫಿ ಬೀಜಗಳು ಸ್ಪಷ್ಟವಾಗಿ ಕಂಡವು. ಕಲ್ಚರ್ ತಟ್ಟೆಯಲ್ಲಿ ಮೂರು ದಿನ ಕಾದರೂ ಏನೂ ಬೆಳೆಯಲಿಲ್ಲ. ನಮಸ್ಕಾರ.