ಕಿಟಕಿ ಪಕ್ಕದ ಗಾಜಿನ ಲೋಟ

ಕೇಳುಗರೆಲ್ಲರಿಗೂ ನಮಸ್ಕಾರ.

ಈರುಳ್ಳಿ ಸೊಪ್ಪು ಹೆಚ್ಚುವಾಗ ಬುಡದ ಬೇರಿನ ತುಂಡನ್ನು ಏನು ಮಾಡುತ್ತೀರಿ? ಕಸದ ಬುಟ್ಟಿಗೆ ಹಾಕುತ್ತೀರಿ, ಅಲ್ವಾ? ಒಂದು ದಿನ ಅದನ್ನು ಮಗುವಿನ ಕೈಗೆ ಕೊಟ್ಟು ನೋಡಿ. ಬೇರಿನ ಕಡೆ ಎರಡು ಬೆರಳು ಬಿಟ್ಟು ಕತ್ತರಿಸಿರಬೇಕು. ಗಾಜಿನ ಲೋಟಕ್ಕೆ ಬೇರು ಮುಳುಗುವಷ್ಟೇ ನೀರು ಹಾಕಿ, ತುಂಡುಗಳನ್ನು ನಿಲ್ಲಿಸಿ, ಬೆಳಕಿರುವ ಕಿಟಕಿಯ ಹತ್ತಿರ ಇಡಿ. ಒಂದೆರಡು ದಿನದಲ್ಲೇ, ಚಾಕು ಆಡಿದ ಜಾಗದ ನಡುವಿನಿಂದ ಎಳೆ ಹಸಿರು ಕೊಳವೆ ಮೇಲೆದ್ದಿರುತ್ತದೆ.

ಬೀಜ ಹಾಕಿ ಕಾಯುವ ತಾಳ್ಮೆ ಮಕ್ಕಳಿಗೆ ಎಲ್ಲಿಂದ ಬರಬೇಕು? ಮೂರನೇ ದಿನವೇ ಮಣ್ಣು ಕೆದಕಿ, ಬೇರು ಬಂತಾ ಅಂತ ನೋಡುತ್ತಾರೆ. ಚಿಕ್ಕವಳಿದ್ದಾಗ ನಾನೂ ಹಾಗೆ ಕೆದಕಿ ಕೆದಕಿ ಗಿಡ ಸಾಯಿಸಿದವಳೇ. ಅದಕ್ಕೇ ಗಾಜಿನ ಲೋಟ. ಎಷ್ಟು ಸಲ ಬೇಕಾದರೂ ಇಣುಕಬಹುದು. ನೀರನ್ನು ಮಾತ್ರ ದಿನ ಬಿಟ್ಟು ದಿನ ಬದಲಾಯಿಸಬೇಕು. ಮರೆತರೆ ವಾಸನೆಯೇ ನೆನಪಿಸುತ್ತದೆ.

ಪುದೀನ ಕಡ್ಡಿಯೂ ಹೀಗೇ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ನೀರಿಗೆ ತಾಗುವ ಎಲೆ ಕಿತ್ತುಹಾಕಿ. ಬೇರು ಆ ಗೆಣ್ಣಿನಲ್ಲೇ ಒಡೆಯುತ್ತದೆ.

ಇನ್ನು ಕ್ಯಾರೆಟ್. ಇಲ್ಲಿ ನಾನು ಎಡವಿದ್ದೆ. ಮನೆಯ ಮಗುವಿಗೆ ಕ್ಯಾರೆಟ್ಟಿನ ತಲೆ ಕೊಟ್ಟು, "ಹೊಸ ಕ್ಯಾರೆಟ್ ಬರುತ್ತೆ ನೋಡು" ಅಂದುಬಿಟ್ಟೆ. ತಟ್ಟೆಯ ನೀರಲ್ಲಿ ಗರಿಯಂಥ ಎಲೆಗಳು ಸೊಂಪಾಗಿ ಬಂದವು. ಮೂರು ವಾರ ಆದಮೇಲೆ ಅವಳು ಎಲೆ ಹಿಡಿದು ಎತ್ತಿದಳು. ಕೆಳಗೆ ಮೆತ್ತಗಾದ ಕಂದು ತುಂಡು, ನಾಲ್ಕು ಕೂದಲಿನಂಥ ಬೇರು, ಅಷ್ಟೇ. "ಕ್ಯಾರೆಟ್ ಎಲ್ಲಿ?" ಅಂದಳು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಕ್ಯಾರೆಟ್ ಅಂದರೆ ಗಿಡದ ತಾಯಿಬೇರು. ಅದನ್ನು ಕತ್ತರಿಸಿ ತಿಂದಮೇಲೆ ಮತ್ತೆ ಬರುವುದಿಲ್ಲ. ತಲೆಯಲ್ಲಿರುವುದು ಎಲೆ ಹೊರಡುವ ಜಾಗ, ಹಾಗಾಗಿ ಎಲೆ ಬರುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಅವಳು ಎಲೆಯನ್ನೇ ನೋಡಿ ಖುಷಿಪಡುತ್ತಿದ್ದಳು.

ಆಲೂಗಡ್ಡೆ ಬೇರೆ ಜಾತಿ. ನೋಡಲು ಬೇರಿನ ಹಾಗಿದ್ದರೂ ಅದು ಮಣ್ಣೊಳಗಿನ ಕಾಂಡ. ಮೇಲಿನ ಕುಳಿಗಳಿಗೆ ಕಣ್ಣು ಅನ್ನುತ್ತೇವಲ್ಲ, ಅವೇ ಮೊಗ್ಗುಗಳು. ಕಣ್ಣು ಎಲ್ಲಿವೆ ಅಂತ ಮಗುವೇ ಹುಡುಕಲಿ. ಒಂದಾದರೂ ಕಣ್ಣಿರುವಂತೆ ಕತ್ತರಿಸಿ, ಗಾಯ ಒಣಗಲು ಒಂದೆರಡು ದಿನ ಬಿಟ್ಟು, ಕಣ್ಣು ಮೇಲಾಗಿ ಮಣ್ಣಲ್ಲಿ ಹೂಳಿ. ಹೊಸ ಗಡ್ಡೆ ಕಟ್ಟುವುದು ಹಳೇ ತುಂಡಿನ ಮೇಲ್ಗಡೆ. ಹಾಗಾಗಿ ಗಿಡ ಎದ್ದ ಹಾಗೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗಿ. ಒಂದು ಎಚ್ಚರ: ಹಸಿರುಗಟ್ಟಿದ ಆಲೂಗಡ್ಡೆ, ಅದರ ಮೊಳಕೆ ಎರಡರಲ್ಲೂ ಸೋಲನಿನ್ ಎಂಬ ವಿಷ ಇರುತ್ತದೆ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಮತ್ತೆ ಲೋಟದ ಈರುಳ್ಳಿಗೆ ಬರೋಣ. ಎರಡು ಮೂರು ಸಲ ಕೊಯ್ದಮೇಲೆ ಎಲೆ ಸಣ್ಣಗಾಗುತ್ತದೆ. ಬುಡದಲ್ಲಿ ಕೂಡಿಟ್ಟ ಶಕ್ತಿ ಮುಗಿಯಿತು, ಬರೀ ನೀರು ಸಾಲದು. ಆಗ ಕುಂಡದ ಮಣ್ಣಿಗೆ ಇಡಿ.

ನಮ್ಮ ಕ್ಯಾರೆಟ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ತಲೆಯನ್ನು ನೇರ ಮಣ್ಣಿಗೇ ಇಟ್ಟೆವು. ಅದು ಬೇರೂರಿ, ಉದ್ದ ದಂಟು ಎದ್ದು, ತುದಿಗೆ ಕೊಡೆಯಂತೆ ಪುಟ್ಟ ಪುಟ್ಟ ಬಿಳಿ ಹೂ ಬಿಟ್ಟಿತು. ಬೀಜ ಕಟ್ಟಿದಾಗ ಅವಳು ಲಕೋಟೆಗೆ ಹಾಕಿ, ಮೇಲೆ ದೊಡ್ಡದಾಗಿ ಬರೆದಳು: "ಕ್ಯಾರೆಟ್. ಈ ಸಲ ನಿಜವಾಗಲೂ."

ನಮಸ್ಕಾರ.