ಸುಡೋ ಮೊದಲು ನೋಡ್ರಿ

ನಮಸ್ಕಾರ್ರೀ ಎಲ್ಲರಿಗೂ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ, ಬದಿಗಿಟ್ಟೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ತಮ್ಮ ಬರೆದಿದ್ದಾನೆ: "ಅಣ್ಣಾ, ಪಾರ್ಲರ್‌ನಾಗ ಲೇಸರ್ ಹೊಡದು ಹತ್ತು ನಿಮಿಷದಾಗ ಮಚ್ಚೆ ತೆಗೀತಾರ. ನೀವು ಸುಮ್ನೆ ಕ್ಯಾನ್ಸರ್ ಅಂತ ಮಂದೀನ್ನ ಹೆದರಸ್ತೀರಿ."

ಹೆದರಿಸುತ್ತಿಲ್ಲ ತಮ್ಮಾ. ನಾನು ಹೇಳೋದು ಒಂದೇ ಮಾತು. ಸುಡೋ ಮೊದಲು ನೋಡಿ.

ಬೆಳಕು ಎರಡು ಕೆಲಸ ಮಾಡುತ್ತದೆ. ಒಂದು ನೋಡೋದು, ಇನ್ನೊಂದು ಸುಡೋದು. ನೋಡೋ ಬೆಳಕು ಚರ್ಮದ ಡಾಕ್ಟರ್ ಕೈಯಲ್ಲಿದೆ. ಡರ್ಮೋಸ್ಕೋಪ್ ಅಂತಾರೆ, ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಮಚ್ಚೆ ಮೇಲಿಟ್ಟರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಚರ್ಮದ ಹೊಳಪು ಅಡ್ಡ ಬರಲ್ಲ, ಮೇಲ್ಪದರದ ಕೆಳಗಿನ ಬಣ್ಣವೂ ಕಾಣುತ್ತದೆ. ಅಂಗಾಲಿನ ಮಚ್ಚೆಯನ್ನೇ ತಗೊಳ್ಳಿ. ಅಲ್ಲಿ ಸಣ್ಣ ಸಣ್ಣ ಗೆರೆ ಇರುತ್ತವಲ್ಲ, ಒಂದು ಏರು, ಒಂದು ತಗ್ಗು. ಕಪ್ಪು ತಗ್ಗಿನಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಭಯ ಇಲ್ಲ. ಏರಿನ ಮೇಲೆ ಪಟ್ಟೆ ಪಟ್ಟೆಯಾಗಿ ಕೂತಿದ್ದರೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಇರಬಹುದು. ಆಗ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಬರಿಗಣ್ಣಿಗೆ ಎರಡೂ ಒಂದೇ ಕಪ್ಪು ಚುಕ್ಕೆ!

ಪಾರ್ಲರ್‌ನಲ್ಲಿ? ಚರ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ, ಮೇಲೊಂದು ಹಕ್ಕಳೆ. ಲ್ಯಾಬಿಗೆ ಕಳಿಸೋಕೆ ಏನೂ ಉಳಿದಿರಲ್ಲ. ಕಬ್ಬು ಕಡಿದು ರವದಿ ಸುಟ್ಟರೆ ಕೂಳೆ ಚಿಗುರೋದು ನಿಲ್ಲುತ್ತದಾ? ಕೆಳಗೆ ಬೇರಿದ್ದರೆ ಮತ್ತೆ ಬರುತ್ತದೆ. ಅದಕ್ಕೇ ಹೇಳೋದು, ಸುಡೋ ಮೊದಲು ನೋಡಿ!

"ಮೆಲನೋಮಾ ಬಿಳಿಯರ ರೋಗ" ಅಂತ ಇನ್ನೊಬ್ಬರು. ಅವರಲ್ಲಿ ಜಾಸ್ತಿ, ನಿಜ. ನಮಗೆ ಬರಲ್ಲ ಅಂತ ಯಾರು ಬರೆದುಕೊಟ್ಟರು? ನಮ್ಮಂಥ ಮೈಬಣ್ಣದವರಿಗೆ ಮೆಲನೋಮಾ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲು ಅಷ್ಟಾಗಿ ಬೀಳದ ಜಾಗ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು, ಅವರಿಗೆ ಶುರುವಾಗಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ. ನಮ್ಮ ಹೊಲದ ಮಂದಿ ಅಂಗಾಲಲ್ಲಿ ಕಪ್ಪು ಕಂಡರೆ ಮುಳ್ಳು ಮುರಿದಿದೆ, ಆಣಿ ಎದ್ದಿದೆ ಅಂತ ಬ್ಲೇಡಿನಿಂದ ಕೆರೆಯುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಇನ್ನು ಮುಖದ ಮೇಲೆ ಬರೋ ಬೇಸಲ್ ಸೆಲ್ ಕ್ಯಾನ್ಸರ್ ನಮ್ಮವರಲ್ಲಿ ಎಷ್ಟೋ ಸಲ ಕಪ್ಪಗೇ ಇರುತ್ತದೆ, ಥೇಟ್ ಮಚ್ಚೆ. ಮೂಗಿನ ಪಕ್ಕ ಅದು ಎದ್ದರೆ ಜನ ಮೊದಲು ಹೋಗೋದು ಎಲ್ಲಿಗೆ ಹೇಳಿ?

"ಬೆಳಕಿನಿಂದ ಕ್ಯಾನ್ಸರ್ ವಾಸಿ ಮಾಡ್ತಾರಲ್ಲ" ಅಂತಾರೆ. ಮಾಡುತ್ತಾರೆ, ಫೋಟೋಡೈನಾಮಿಕ್ ಥೆರಪಿ. ಔಷಧಿ ಕ್ರೀಮ್ ಹಚ್ಚಿ, ಕೆಲವು ಗಂಟೆ ಬಿಟ್ಟು, ಕೆಂಪು ಬೆಳಕು ಹಾಯಿಸುತ್ತಾರೆ. ಕ್ರೀಮ್ ಹೀರಿಕೊಂಡ ಕೆಟ್ಟ ಕೋಶಗಳು ಸಾಯುತ್ತವೆ. ಆದರೆ ಅದು ಮೇಲ್ಪದರದಲ್ಲಿ ತೆಳ್ಳಗೆ ಹಬ್ಬಿದ ಬೇಸಲ್ ಸೆಲ್‌ನಂಥದ್ದಕ್ಕೆ, ಮೆಲನೋಮಾಗಲ್ಲ. ಯಾವುದು ಯಾವುದು ಅಂತ ಗೊತ್ತಾಗೋದು ಮೊದಲು ನೋಡಿದರೆ ತಾನೇ!

2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡರ್ಮಾಸೆನ್ಸರ್ ಅನ್ನೋ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಚರ್ಮಕ್ಕೆ ಬೆಳಕು ಬಿಟ್ಟು, ಅದು ಚದುರಿ ವಾಪಸ್ ಬರೋದನ್ನ ಅಳೆಯುತ್ತದೆ. ಅಷ್ಟು ಜಾಣ ಯಂತ್ರವೂ ಕ್ಯಾನ್ಸರ್ ಅಂತ ತೀರ್ಪು ಕೊಡಲ್ಲ, ಇನ್ನೂ ಪರೀಕ್ಷೆ ಬೇಕಾ ಬೇಡವಾ ಅಷ್ಟೇ ಹೇಳುತ್ತದೆ. ಇಲ್ಲಿ ಪಾರ್ಲರ್‌ನಲ್ಲಿ ಕಣ್ಣಳತೆಯಲ್ಲೇ ತೀರ್ಮಾನ ಆಗಿಬಿಡುತ್ತದೆ!

"ಚೂರು ತೆಗೆದರೆ ಹರಡುತ್ತೆ" ಅನ್ನೋರೇ, ಹರಡಲ್ಲ. ತಡ ಮಾಡಿದರೆ ಹರಡುತ್ತದೆ. ಮದುವೆ ಹತ್ತಿರ ಬಂತು ಅನ್ನೋರೇ, ಫೋಟೋದಲ್ಲಿ ಮಚ್ಚೆ ಇದ್ದರೆ ಇರಲಿ ಬಿಡ್ರಿ! ಸುಡೋ ಮೊದಲು ನೋಡಿ. ನೋಡಿ ಅಂದರೆ ನೋಡಿ ಅಷ್ಟೇ!

ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ಮನೆ ಗ್ರೂಪಿಗೆ ಕಳಿಸ್ರಿ, ಪಾರ್ಲರ್ ನಡೆಸೋ ಅಕ್ಕಂದಿರಿಗೂ ಕಳಿಸ್ರಿ. ನಾಳೆಗೆ ಯಾರಾದರೂ ಮಚ್ಚೆ ತೆಗೆಸೋಕೆ ಬುಕ್ ಮಾಡಿದ್ದರೆ ಈಗಲೇ ಫೋನ್ ಮಾಡಿ ಬೇಡ ಅನ್ನಿ. ಬೆಳಗಾವಿಯ ಸರ್ಕಾರಿ ಆಸ್ಪತ್ರೆ ಬಿಮ್ಸ್‌ನಲ್ಲಿ ಚರ್ಮದ ವಿಭಾಗ ಇದೆ, ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿ, ಚಪ್ಪಲಿ ಬಿಚ್ಚಿ ಅಂಗಾಲನ್ನೂ ತೋರಿಸಿ.